ಅಮ್ಮನ ಹತ್ತಿರ ಹೋಗೋಕೆ ಯಾವ ದಾರಿ?

ಶೃಂಗೇರಿಯಲ್ಲಿ ಕಾರ್ಕಳದ ಬಸ್ಸು ಹತ್ತಿದರೆ, ಕೆರೆಕಟ್ಟೆ ದಾಟಿದ ಮೇಲೆ ಎಸ್.ಕೆ. ಬಾರ್ಡರ್ ಸಿಗುತ್ತೆ. ಎಸ್.ಕೆ. ಅಂದರೆ ಸೌತ್ ಕೆನರಾ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದರೂ ಹಳೇ ಹೆಸರೇ ಉಳಿದಿದೆ. ಹೆಸರಿಗೆ ಗಡಿ ಅಷ್ಟೆ. ಘಟ್ಟದ ಮೇಲಿನ ಅಜ್ಜಿಮನೆಗೂ ಕೆಳಗೆ ದುಡಿಯುವ ಅಮ್ಮನ ಮನೆಗೂ ಓಡಾಡುವ ಮಕ್ಕಳಿಗೆ ಅದು ಗೊತ್ತಾಗುವುದೇ ಇಲ್ಲ. ಆದರೆ 2020ರ ಲಾಕ್‌ಡೌನಿನಲ್ಲಿ ಪಕ್ಕದ ಜಿಲ್ಲೆಗೆ ಹೋಗೋಕೂ ಪಾಸು ಬೇಕಾಯಿತು. ತಲಪಾಡಿಯಲ್ಲಿ ರಾಜ್ಯದ ಗಡಿಯೇ ಮುಚ್ಚಿ, ಕಾಸರಗೋಡಿನವರಿಗೆ ಮಂಗಳೂರಿನ ಆಸ್ಪತ್ರೆಯೂ ದೂರವಾಯಿತು. ಗಡಿ ಅಂದರೆ ಏನು ಅಂತ ನಮಗೂ ಸ್ವಲ್ಪ ಅರ್ಥವಾಗಿದ್ದು ಆಗಲೇ.

ಆ ಏಪ್ರಿಲ್‌ನಲ್ಲೇ 12 ವರ್ಷದ ಹುಡುಗಿಯೊಬ್ಬಳು ತೆಲಂಗಾಣದ ಮೆಣಸಿನಕಾಯಿ ಹೊಲದಿಂದ ಛತ್ತೀಸಗಢದ ಬಿಜಾಪುರ ಜಿಲ್ಲೆಯ ತನ್ನೂರಿಗೆ ನಡೆದೇ ಹೊರಟಳು. ಕೂಲಿಗೆ ಹೋಗಿದ್ದವಳಿಗೆ ಕೆಲಸ ನಿಂತಿತ್ತು, ಅಪ್ಪ ಅಮ್ಮ ಊರಲ್ಲಿದ್ದರು. ಜೊತೆಗಾರರೊಂದಿಗೆ ಕಾಡುದಾರಿಯಲ್ಲಿ ಮೂರು ದಿನ ನಡೆದಳು. ಇನ್ನೇನು ಮನೆ ಬಂತು ಅನ್ನುವಾಗ, 18ನೇ ತಾರೀಕು, ದಾರಿಯಲ್ಲೇ ಜೀವ ಹೋಯಿತು. ಒಬ್ಬಳೇ ಮಗಳು.

ಅದರ ಹಿಂದಿನ ವರ್ಷ, 2019ರ ಜೂನ್‌ನಲ್ಲಿ, ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಭಾರತದ ಆರು ವರ್ಷದ ಮಗು ಸತ್ತಿತು. ಅಪ್ಪ 2013ರಿಂದ ಅಲ್ಲೇ ಇದ್ದರು. ಅವರನ್ನು ಸೇರಲು ತಾಯಿ ಮಗಳು ಮೆಕ್ಸಿಕೊ ಕಡೆಯಿಂದ ಗಡಿ ದಾಟಿದ್ದರು. ಬಿಸಿಲು 42 ಡಿಗ್ರಿ. ಮಗುವನ್ನು ಜೊತೆಗಿದ್ದ ಹೆಂಗಸಿನ ಬಳಿ ಬಿಟ್ಟು ತಾಯಿ ನೀರು ಹುಡುಕಲು ಹೋಗಿದ್ದಳು.

ಇಂಥ ಸುದ್ದಿ ಓದಿದ ಕೂಡಲೇ ನಾವೇನಂತೀವಿ? ‘ಎಂಥಾ ತಾಯಿಯಪ್ಪಾ, ಹಾಗೆ ಕರ್ಕೊಂಡು ಹೋಗ್ತಾರಾ!’ ಈ ಮಾತು ನನಗೆ ಸರಿ ಕಾಣುವುದಿಲ್ಲ. ಒಳ್ಳೆಯ ದಾರಿ ಕಣ್ಣೆದುರಿಗಿದ್ದರೆ ಯಾವ ತಾಯಿ ಮಗುವನ್ನು ಮರುಭೂಮಿಗೆ ಇಳಿಸುತ್ತಾಳೆ? ನೆಟ್ಟಗಿನ ದಾರಿಗೆ ವರ್ಷಗಟ್ಟಲೆ ಕಾಯಬೇಕು. ಕಳ್ಳದಾರಿಗೆ ಏಜೆಂಟ್ ಇವತ್ತೇ ಸಿದ್ಧ. ಮಗು ಮಾತ್ರ ದಿನಾ ಕೇಳುತ್ತಲೇ ಇರುತ್ತೆ, ‘ಅಪ್ಪ ಯಾವಾಗ?’ ಎಂದು. ಬೈಯುವುದಾದರೆ ಮೊದಲು ಆ ಏಜೆಂಟನನ್ನು ಬೈಯಿರಿ. ಸಂಸಾರ ಒಂದಾಗುವ ದಾರಿಯನ್ನು ಇಷ್ಟು ಉದ್ದ ಮಾಡಿಟ್ಟ ಸರ್ಕಾರಗಳನ್ನು ಕೇಳಿರಿ.

ಇದು ದೂರದ ಮಾತು ಅನ್ನಬೇಡಿ. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲೂ ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ಬೆಂಗಳೂರಿಗೆ, ಮಂಗಳೂರಿಗೆ ದುಡಿಯಲು ಹೋದವರಿದ್ದಾರೆ. ಮಕ್ಕಳನ್ನು ಅಸ್ಸಾಂ, ಜಾರ್ಖಂಡ್‌ನಲ್ಲಿ ಬಿಟ್ಟು ನಮ್ಮ ಜಿಲ್ಲೆಯ ಕಾಫಿ ತೋಟಗಳಿಗೆ ಬಂದವರೂ ಇದ್ದಾರೆ. ಅಂಥ ಮಗು ಒಂದು ದಿನ ತಾನೇ ಹೊರಟರೆ? ಅದಕ್ಕೆ ಗಡಿ ಗೊತ್ತಿಲ್ಲ, ಅಮ್ಮ ಗೊತ್ತು ಅಷ್ಟೆ.

ಹಾಗಾಗಿ ತಾಯಂದಿರಿಗೆ ನಾಲ್ಕು ಮಾತು.

ಮಗುವಿಗೆ ‘ನಾಳೆ ಬರ್ತೀನಿ’ ಅಂತ ಸುಳ್ಳು ಹೇಳಬೇಡಿ. ಬರುವ ತಾರೀಕು ಹೇಳಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿ. ಬರಲಾಗದಿದ್ದರೆ ನೀವೇ ಫೋನ್ ಮಾಡಿ ಕಾರಣ ಹೇಳಿ.

ನಿಮ್ಮ ಹೆಸರು, ಊರು, ತಾಲ್ಲೂಕು, ಫೋನ್ ನಂಬರ್ ಮಗುವಿಗೆ ಬಾಯಿಪಾಠ ಇರಲಿ. ಮೊಬೈಲಿನಲ್ಲಿ ಸೇವ್ ಆಗಿದ್ದರೆ ಸಾಲದು.

ಬಸ್‌ಸ್ಟ್ಯಾಂಡಿನಲ್ಲಿ ಒಂಟಿ ಮಗು ಕಂಡರೆ ಗದರಿಸಬೇಡಿ. ‘ಊಟ ಆಯ್ತಾ ಪುಟ್ಟ?’ ಅಂತ ಶುರು ಮಾಡಿ. 1098ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಅಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ನೀವೇ ಬಸ್ಸು ಹತ್ತಿಸಿ ಕಳಿಸಿಬಿಡಬೇಡಿ.

ವಿದೇಶದಲ್ಲಿರುವ ಗಂಡನ ಬಳಿಗೆ ‘ಬೇರೆ ದಾರಿಯಲ್ಲಿ’ ತಲುಪಿಸುತ್ತೇನೆ ಅನ್ನುವವನಿಗೆ ಒಂದು ಪೈಸೆಯನ್ನೂ ಕೊಡಬೇಡಿ. ವೀಸಾ ಎಷ್ಟೇ ತಡವಾಗಲಿ, ಕಾಯಿರಿ. ಕಾಯುವುದು ಕಷ್ಟ, ನಿಜ. ಆದರೆ ಕಾದ ಮಗು ಅಪ್ಪನ ಮುಖ ನೋಡುತ್ತೆ.

ಮಕ್ಕಳು ಹೊರಟ ಮೇಲೆ ಹುಡುಕುವುದಕ್ಕಿಂತ, ಹೊರಡುವ ಮುಂಚೆ ಅವರ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದು ಮೇಲು, ಅಲ್ಲವೇ?