ನವಣೆಯ ಗಂಜಿಯೂ ಚೀನೀ ವೈದ್ಯವೂ

ಪರೀಕ್ಷೆಗಳು ಸಮೀಪಿಸಿದಂತೆಲ್ಲ ವಿದ್ಯಾರ್ಥಿಗಳಿಂದ ಎರಡು ದೂರುಗಳು ಹೆಚ್ಚಾಗಿ ಕೇಳಿಬರುತ್ತವೆ. ಓದಲು ಕುಳಿತರೆ ಆಯಾಸ, ಮಲಗಿದರೆ ಕಳವಳ. ಇವೆರಡಕ್ಕೂ ಮದ್ದೆಂದು ಅಂಗಡಿಗಳಲ್ಲಿ ಬಗೆಬಗೆಯ ಟಾನಿಕ್ಕುಗಳೂ ಶಕ್ತಿಪಾನೀಯಗಳೂ ಮಾರಾಟವಾಗುತ್ತಿವೆ. ಕೆಲವು ಸೀಸೆಗಳ ಮೇಲೆ ಜಿನ್ಸೆಂಗ್ ಬೇರಿನ ಚಿತ್ರವಿದ್ದು, ಪ್ರಾಚೀನ ಚೀನೀ ವೈದ್ಯದ ಹೆಸರೂ ಇರುತ್ತದೆ. ಮಕ್ಕಳು ಮುಂದೆ ಬರಲೆಂಬ ಆಸೆಯಿಂದ ಕೂಲಿನಾಲಿ ಮಾಡುವ ತಂದೆತಾಯಿಗಳೂ ಇವುಗಳಿಗೆ ಹಣ ತೆರುತ್ತಾರೆ. ಆದರೆ ಚೀನೀ ವೈದ್ಯವು ನಿಜವಾಗಿ ಹೇಳಿದ್ದೇನು ಎಂಬುದನ್ನು ತಿಳಿದರೆ, ಈ ಖರ್ಚು ಅನವಶ್ಯಕವೆಂಬುದು ಮನದಟ್ಟಾಗುತ್ತದೆ ಎಂದು ನಮ್ಮ ಅಭಿಪ್ರಾಯ.

ಚೀನೀಯರು ಅಡುಗೆಮನೆಯನ್ನೂ ಔಷಧಾಲಯವನ್ನೂ ದೂರದೂರ ಇಟ್ಟವರಲ್ಲ. 'ಝೌ ಲಿ' ಎಂಬ ಪ್ರಾಚೀನ ಗ್ರಂಥದಲ್ಲಿ ಅರಮನೆಯ ವೈದ್ಯರನ್ನು ನಾಲ್ಕು ವರ್ಗಗಳಾಗಿ ಹೇಳಿದೆ: ಆಹಾರದ ವೈದ್ಯರು, ರೋಗದ ವೈದ್ಯರು, ಗಾಯದ ವೈದ್ಯರು, ಪಶುವೈದ್ಯರು. ಇವರಲ್ಲಿ ಮೊದಲ ಸ್ಥಾನ ಆಹಾರದ ವೈದ್ಯರಿಗೆ. ಕ್ರಿ. ಶ. 7ನೆಯ ಶತಮಾನದಲ್ಲಿದ್ದ ಸುನ್ ಸಿಮಿಯಾವೋ ಎಂಬ ಮಹಾವೈದ್ಯನು ತನ್ನ ಗ್ರಂಥದ ಒಂದು ಭಾಗವನ್ನೇ ಆಹಾರ ಚಿಕಿತ್ಸೆಗೆ ಮೀಸಲಿಟ್ಟನು. ಮೊದಲು ಆಹಾರದಿಂದ ಗುಣಪಡಿಸಲು ಯತ್ನಿಸಬೇಕು, ಅದು ಫಲಿಸದಿದ್ದರೆ ಮಾತ್ರ ಔಷಧವನ್ನು ಕೊಡಬೇಕು ಎಂಬುದು ಅವನ ಮತ.

ದೇಹದ ಚೈತನ್ಯವನ್ನು ಚೀನೀಯರು 'ಛೀ' ಎನ್ನುತ್ತಾರೆ. ಅವರ ಹಳೆಯ ಲಿಪಿಯಲ್ಲಿ ಈ ಪದದ ಅಕ್ಷರದಲ್ಲಿ ಎರಡು ಭಾಗಗಳಿವೆ: ಮೇಲೆ ಹಬೆಯ ಗುರುತು, ಕೆಳಗೆ ಅಕ್ಕಿಯ ಗುರುತು. ಉಂಡ ಅನ್ನವನ್ನು ಚೈತನ್ಯವಾಗಿ ಮಾರ್ಪಡಿಸುವ ಕೆಲಸ ಗುಲ್ಮ ಮತ್ತು ಜಠರಗಳದ್ದೆಂದು ಅವರ ವೈದ್ಯ ಹೇಳುತ್ತದೆ. ಇಲ್ಲಿ ಗುಲ್ಮವೆಂದರೆ ನಮ್ಮ ವಿಜ್ಞಾನ ಪಾಠದಲ್ಲಿ ಬರುವ ಅವಯವವಲ್ಲ. ಜೀರ್ಣಶಕ್ತಿಗೆ ಅವರಿಟ್ಟ ಹೆಸರೆಂದು ತಿಳಿಯಬೇಕು. ಲಿ ಗಾವೋ ಎಂಬ ವೈದ್ಯನು 1249ರಲ್ಲಿ ಇದೇ ವಿಷಯವಾಗಿ ಒಂದು ಗ್ರಂಥ ಬರೆದನು. ಹೊತ್ತುಗೊತ್ತಿಲ್ಲದ ಊಟ, ಅತಿಯಾದ ದುಡಿಮೆ, ಮನಸ್ಸಿನ ಕ್ಷೋಭೆ ಇವು ಜೀರ್ಣಶಕ್ತಿಯನ್ನು ಕೆಡಿಸಿ ರೋಗಗಳಿಗೆ ಎಡೆಗೊಡುತ್ತವೆ ಎಂದು ಅವನು ವಾದಿಸಿದನು. ಪರೀಕ್ಷಾಕಾಲದ ವಿದ್ಯಾರ್ಥಿಯ ದಿನಚರಿಯಲ್ಲಿ ಈ ಮೂರೂ ಇವೆಯಲ್ಲವೇ?

ಹಾಗಾದರೆ ಬಲಕ್ಕೆ ಅವರು ಉಣ್ಣುವುದೇನು? ಅಕ್ಕಿ, ನವಣೆ, ಒಂದು ಬಗೆಯ ಗೆಣಸು, ಕೆಂಪು ಬೋರೆಹಣ್ಣು, ಸ್ವಲ್ಪ ಶುಂಠಿ. ಧಾನ್ಯವನ್ನು ಎಂಟು-ಹತ್ತರಷ್ಟು ನೀರಿನಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಬೇಯಿಸಿ, ಬಿಸಿಯಾಗಿ ಕುಡಿಯುವ ಗಂಜಿಯೇ ಅವರ ಪಥ್ಯಗಳಲ್ಲಿ ಮುಖ್ಯವಾದುದು. ಉತ್ತರ ಚೀನದಲ್ಲಿ ಬಾಣಂತಿಯರಿಗೆ ಇಂದಿಗೂ ನವಣೆಯ ಗಂಜಿಯನ್ನು ಕೊಡುವ ವಾಡಿಕೆಯಿದೆ. ಇಂಗ್ಲಿಷರು ಈ ಗಂಜಿಯನ್ನು 'ಕಾಂಜೀ' ಎನ್ನುತ್ತಾರೆ. ಆ ಹೆಸರು ಹೋದದ್ದು ತಮಿಳಿನ 'ಕಂಜಿ'ಯಿಂದ. ನಮ್ಮ 'ಗಂಜಿ' ಅದರ ಸೋದರ ಪದ. ನವಣೆಯಾದರೋ ಉತ್ತರ ಚೀನದಲ್ಲಿ ಏಳೆಂಟು ಸಾವಿರ ವರ್ಷಗಳ ಹಿಂದೆಯೇ ಬೇಸಾಯಕ್ಕೆ ಬಂದ ಧಾನ್ಯ. ತೆಲುಗಿನಲ್ಲಿ 'ಕೊರ್ರ' ಎಂದು ಕರೆಯುವ ಇದೇ ಧಾನ್ಯ ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯ ಹಿರಿಯರ ಆಹಾರವೂ ಆಗಿತ್ತು. ಕಡಲೆಕಾಯಿಯ ಬೆಳೆ ಹಬ್ಬಿದಂತೆ ಅದು ಹಿಂದೆ ಸರಿಯಿತು. ಪಾಲಿಶ್ ಮಾಡಿದ ಅಕ್ಕಿಗಿಂತ ಅದರಲ್ಲಿ ಸಸಾರಜನಕವೂ ನಾರೂ ಹೆಚ್ಚು.

ಮನಸ್ಸಿನ ನೆಮ್ಮದಿಗೂ ಅವರು ಆಹಾರವನ್ನೇ ಹುಡುಕಿದರು. ಸುಮಾರು 1800 ವರ್ಷಗಳ ಹಿಂದೆ ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯನು ಕಾರಣವಿಲ್ಲದೆ ಅಳುವ, ಕಳವಳಪಡುವ ಸ್ತ್ರೀಯರಿಗೆ ಒಂದು ಕಷಾಯವನ್ನು ಹೇಳಿದ್ದಾನೆ. ಅದರಲ್ಲಿರುವುದು ಗೋಧಿ, ಬೋರೆಹಣ್ಣು ಮತ್ತು ಅತಿಮಧುರ ಮಾತ್ರ. ಈ ಬೋರೆ ನಮ್ಮ ಹೊಲದ ಬದುಗಳ ಎಲಚಿಯ ಹತ್ತಿರದ ಬಂಧು. ತಾವರೆಯ ಬೀಜವನ್ನೂ ನಿದ್ರೆಗೆ ಹಿತವೆಂದು ಗಂಜಿಗೆ ಸೇರಿಸುತ್ತಾರೆ.

ಹಳೆಯದೆಲ್ಲ ಸತ್ಯವೆಂದು ನಾವು ಹೇಳುತ್ತಿಲ್ಲ. ಬೋರೆಯಿಂದಲೋ ತಾವರೆಬೀಜದಿಂದಲೋ ಕಳವಳ ನೀಗುವುದೆಂದು ಆಧುನಿಕ ವಿಜ್ಞಾನ ಇನ್ನೂ ಖಚಿತವಾಗಿ ಸಾಧಿಸಿಲ್ಲ. ಅಲ್ಲದೆ ಎಲ್ಲ ಮೂಲಿಕೆಗಳೂ ನಿರಪಾಯಕಾರಿಯಲ್ಲ. ಅತಿಮಧುರವನ್ನು ಮಿತಿಮೀರಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. ಜಿನ್ಸೆಂಗ್ ಕೆಲವರ ನಿದ್ರೆಯನ್ನೇ ಕೆಡಿಸುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ಮೈ ಇಳಿಸಲೆಂದು ಚೀನೀ ಮೂಲಿಕೆಗಳ ಗುಳಿಗೆ ನುಂಗಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ಕೆಟ್ಟುಹೋದವು. ಸದಾ ಆಯಾಸವಿದ್ದರೆ ರಕ್ತಹೀನತೆ ಇರಬಹುದು. ಅದನ್ನು ತಿಳಿಯಲು ವೈದ್ಯರಲ್ಲಿ ರಕ್ತಪರೀಕ್ಷೆ ಮಾಡಿಸಬೇಕು. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಗಂಜಿಯ ನೆಪದಲ್ಲಿ ಬಿಸುಡುವುದು ಅವಿವೇಕ.

ಆದರೆ ಒಂದು ಮಾತು ನಿಶ್ಚಯ. ಶಕ್ತಿಪಾನೀಯದ ಕೆಫೀನು ಇಂದಿನ ನಿದ್ರೆಯನ್ನು ಕದ್ದು ನಾಳಿನ ಆಯಾಸವನ್ನು ತರುತ್ತದೆ. ಅದು ಸಾಲ ತಂದ ಬಲ. ಹೊತ್ತಿಗೆ ಸರಿಯಾಗಿ ಉಂಡ ಅನ್ನದ ಬಲ ಸ್ವಂತದ್ದು. ಚೀನೀ ವೈದ್ಯರಿಂದ ನಾವು ಕಲಿಯಬೇಕಾದುದು ಈ ಕ್ರಮವನ್ನೇ ಹೊರತು ಸೀಸೆಯ ರಹಸ್ಯವನ್ನಲ್ಲ.

ವಿದ್ಯಾರ್ಥಿಮಿತ್ರರೇ, ಬರಿಹೊಟ್ಟೆಯಲ್ಲಿ ಶಾಲೆಗೆ ಬರಬೇಡಿರಿ. ಗಂಜಿ, ಅಂಬಲಿ ಕುಡಿದೆವೆಂದು ಹೇಳಿಕೊಳ್ಳಲು ನಾಚಬೇಡಿರಿ. ಅರಮನೆಯ ವೈದ್ಯರು ಮನ್ನಿಸಿದ ಆಹಾರವದು. ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ: ಒಂದು ಸೀಸೆ ಟಾನಿಕ್ಕಿನ ಹಣಕ್ಕೆ ನವಣೆ, ಹೆಸರುಕಾಳು, ಕಡಲೆಕಾಯಿ ತಂದುಕೊಡಿರಿ. ಬೆಳಿಗ್ಗೆ ಬಿಸಿಯಾದ ಒಂದು ಬಟ್ಟಲು ಗಂಜಿ, ರಾತ್ರಿ ಹೊತ್ತಿಗೆ ಸರಿಯಾಗಿ ದೀಪವಾರಿಸುವ ಅಭ್ಯಾಸ, ಇವೆರಡು ಮನೆಯಲ್ಲಿದ್ದರೆ ಓದುವ ಮಗುವಿಗೆ ಬಲವೂ ನೆಮ್ಮದಿಯೂ ತಾವಾಗಿಯೇ ಒದಗಿಬರಲು ದಾರಿಯಾಗುವುದು.