ಸಿಸ್ಟರ್ ಬಾಯಿಬಿಟ್ಟರೆ ಜೈಲೆ?

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ರೋಗಿ ಸತ್ತರೆ ಮೊದಲು ಸಸ್ಪೆಂಡ್ ಆಗುವವರು ಯಾರು? ಬಸ್‌ಸ್ಟ್ಯಾಂಡಿನ ಬೀಡಾ ಅಂಗಡಿಯವನೂ ಹೇಳಿಯಾನು: ಡ್ಯೂಟಿಯಲ್ಲಿದ್ದ ನರ್ಸಮ್ಮ. ಗೇಟಿನಲ್ಲಿ ಗಲಾಟೆ, ಮೇಲಿನವರ ಫೋನು, ಸಂಜೆಯೊಳಗೆ ಕೈಗೊಂದು ಆರ್ಡರು. ಜನ ಚದುರುತ್ತಾರೆ. ತಪ್ಪು ಹೇಗಾಯಿತು ಎಂಬ ಪ್ರಶ್ನೆ ಮಾತ್ರ ವಾರ್ಡಿನಲ್ಲೇ ಉಳಿಯುತ್ತದೆ.

ಪೊಟ್ಯಾಸಿಯಂ ಕ್ಲೋರೈಡ್ ಎಂಬುದೊಂದಿದೆ. ಡ್ರಿಪ್ಪಿನಲ್ಲಿ ಬೆರೆಸಿ ನಿಧಾನವಾಗಿ ಹರಿಸಿದರೆ ಅದು ಔಷಧ. ಹಾಗೇ ನೇರ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಂತೀತು. ಇದರ ಆಂಪೂಲು, ಬರೀ ನೀರಿನ ಆಂಪೂಲು, ಎರಡೂ ಒಂದೇ ಟ್ರೇಯಲ್ಲಿ, ನೋಡಲೂ ಒಂದೇ ಥರ. ಹೊತ್ತು ರಾತ್ರಿ ಮೂರು ಗಂಟೆ. ಒಂದು ಕಡೆ ಜ್ವರದ ಮಗು ಅಳು, ಇನ್ನೊಂದು ಕಡೆ "ಸಿಸ್ಟರ್, ಬಾಟ್ಲಿ ಮುಗೀತು" ಎಂಬ ಕೂಗು. ಸಾಮಾನ್ಯ ವಾರ್ಡಿನಲ್ಲಿ 5 ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಅನುಮಾನ ಇದ್ದವರು ಒಂದು ರಾತ್ರಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಎಣಿಸಿ ಬರಲಿ.

ಎಷ್ಟೋ ಸಲ ಸಿರಿಂಜು ಚುಚ್ಚುವ ಮುನ್ನ ಲೇಬಲ್ ಕಣ್ಣಿಗೆ ಬಿದ್ದು ಕೈ ಹಿಂದೆ ಸರಿಯುತ್ತದೆ. ಜೀವ ಉಳಿಯಿತು, ಸದ್ಯ! ಅದನ್ನು ಬೆಳಿಗ್ಗೆ ಹೇಳಿದರೆ ಆ ಆಂಪೂಲನ್ನು ಬೇರೆ ಕಪಾಟಿಗೆ ಹಾಕಬಹುದು. ಆದರೆ ಹೇಳಿದರೆ ಸಿಗುವುದು ಮೆಮೊ. ಹಾಗಾಗಿ ಟ್ರೇ ಅಲ್ಲೇ, ಆಂಪೂಲೂ ಅಲ್ಲೇ. ನಾಳಿನ ಪಾಳಿಗೆ ಬರುವ ಹೊಸ ಹುಡುಗಿಗಾಗಿ ಕಾದು ಕೂತಿರುತ್ತದೆ.

ಹೇಳಿದವರ ಗತಿ ಏನಾಯಿತು ಎಂಬುದಕ್ಕೆ ಅಮೆರಿಕದ ನ್ಯಾಶ್‌ವಿಲ್ ಊರಿನ ಪ್ರಕರಣ ನೋಡಿ. 2017ರ ಡಿಸೆಂಬರಿನಲ್ಲಿ ರಡೊಂಡಾ ವಾಟ್ ಎಂಬ ನರ್ಸ್ 75 ವರ್ಷದ ಅಜ್ಜಿಗೆ ಆತಂಕ ಇಳಿಸುವ ಔಷಧದ ಬದಲು ಸ್ನಾಯುಗಳನ್ನೇ ಮರಗಟ್ಟಿಸುವ ಔಷಧ ಕೊಟ್ಟರು. ಎರಡರ ಹೆಸರಿನ ಮೊದಲೆರಡು ಅಕ್ಷರ ಒಂದೇ. ಮುಚ್ಚಳದ ಮೇಲಿದ್ದ ಎಚ್ಚರಿಕೆಯನ್ನೂ ನೋಡಲಿಲ್ಲ, ಅದು ನಿಜ. ಅಜ್ಜಿ ತೀರಿಕೊಂಡರು. ತಪ್ಪು ತಿಳಿದ ಕೂಡಲೆ ಆಕೆ ತಾನಾಗಿಯೇ ಒಪ್ಪಿಕೊಂಡರು. 2022ರ ಮಾರ್ಚಿನಲ್ಲಿ ಕೋರ್ಟು ಆಕೆಯನ್ನು ಅಪರಾಧಿ ಎಂದಿತು. ಜೈಲು ತಪ್ಪಿತು, ಮೂರು ವರ್ಷದ ಪ್ರೊಬೇಷನ್ ಬಂತು. ಅಲ್ಲಿನ ನರ್ಸುಗಳು ಬೀದಿಗಿಳಿದರು: ಹೀಗಾದರೆ ಇನ್ನು ತಪ್ಪು ಒಪ್ಪಿಕೊಳ್ಳುವವರು ಯಾರು?

ಅದು ಅಮೆರಿಕದ ಕಥೆ, ನಮಗೇಕೆ ಎನ್ನಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ತೆರೆದು ನೋಡಿ. ನಿರ್ಲಕ್ಷ್ಯದಿಂದ ಸಾವಾದರೆ 5 ವರ್ಷದವರೆಗೆ ಸಜೆ. ನೋಂದಾಯಿತ ವೈದ್ಯರಾದರೆ 2 ವರ್ಷದವರೆಗೆ ಮಾತ್ರ. ವೈದ್ಯರೆಂದರೆ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವವರು ಎಂದು ವಿವರಣೆಯೂ ಇದೆ. ನರ್ಸಿನ ಹೆಸರು ಅಲ್ಲಿಲ್ಲ. ಹಳೆಯ ಐಪಿಸಿಯಲ್ಲಿ ಇಬ್ಬರಿಗೂ ಎರಡೇ ವರ್ಷದ ಮಿತಿ ಇತ್ತು. ಚೀಟಿ ಬರೆದವರಿಗೆ ಎರಡು, ಸೂಜಿ ಹಿಡಿದವರಿಗೆ ಐದು. ಇದ್ಯಾವ ತಕ್ಕಡಿ ಸ್ವಾಮಿ?

ಮನೆಯವರನ್ನು ಕಳೆದುಕೊಂಡವರ ಸಂಕಟ ಸಣ್ಣದಲ್ಲ. ಕರೆದರೂ ಏಳದೆ ಮಲಗಿದವರನ್ನು, ದುಡ್ಡಿಗೆ ಕೈಯೊಡ್ಡುವವರನ್ನು ಬಿಟ್ಟುಬಿಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಚಿಲ್ಲರೆ ತಪ್ಪಿ ಕೊಟ್ಟೆ ಎಂದು ತಾನೇ ಬಂದು ಹೇಳುವ ಹುಡುಗನನ್ನೂ, ಗಲ್ಲಕ್ಕೆ ಕೈಹಾಕುವವನನ್ನೂ ಯಾವ ಅಂಗಡಿಯವನೂ ಒಂದೇ ಥರ ನೋಡುವುದಿಲ್ಲ.

ಕಾನೂನು ತಿದ್ದುವುದು ದಿಲ್ಲಿಯ ಕೆಲಸ, ಅದು ಆದಾಗ ಆಯಿತು. ಜಿಲ್ಲಾಸ್ಪತ್ರೆಯ ಸರ್ಜನ್ ಸಾಹೇಬರು ಮನಸ್ಸು ಮಾಡಿದರೆ ವಾರ್ಡಿಗೊಂದು ಪುಸ್ತಕ ಇಡಿಸಬಹುದು. ಕೂದಲೆಳೆಯಲ್ಲಿ ತಪ್ಪಿದ ಅನಾಹುತವನ್ನು ಹೆಸರು ಹಾಕದೆ ಬರೆಯಲಿ, ಸೋಮವಾರ ಎಲ್ಲರೂ ಕೂತು ಓದಲಿ. ಪೊಟ್ಯಾಸಿಯಂ ಆಂಪೂಲಿಗೆ ಬೇರೆ ಪೆಟ್ಟಿಗೆ ಬರಲಿ. ಟೆಂಡರ್ ಕರೆಯಬೇಕಾದ ಬಾಬ್ತು ಇದಲ್ಲ, ಒಂದು ನೋಟ್‌ಬುಕ್ಕು, ಒಂದು ಬೀಗ.