ತಂತಿ ಎಳೀರಿ, ಹಳೇ ರೂಟರ್ ಎಸೀಬೇಡಿ

ನಮ್ಮ ಕಡೆ ಮನೆಗಳಿಗೆ ಫೈಬರ್ ಬಂದ ಮೇಲೆ ಒಂದು ಹೊಸ ಖರ್ಚು ಹುಟ್ಟಿಕೊಂಡಿದೆ. ಜಗಲೀಲಿ ವೈಫೈ ಸಿಗತ್ತೆ, ಒಳಗಿನ ಕೋಣೇಲಿ ಸಿಗಲ್ಲ. ಕೋಣೇಲಿ ಸಿಕ್ಕರೆ ಅಡಿಕೆ ಸುಲಿಯೋ ಮನೇಲಿ ಸಿಗಲ್ಲ. ಸರಿ, ಪೇಟೆಗೆ ಹೋಗಿ ಒಂದು ರಿಪೀಟರ್ ತರೋದು. ಅದು ಸಾಲಲಿಲ್ಲ ಅಂತ ಇನ್ನೊಂದು. ಕೊನೆಗೆ ಕನೆಕ್ಷನ್ ಕೊಡೋಕೆ ಬಂದ ಹುಡುಗ "ಎರಡನೇದೂ ಒಂದು ಹಾಕಿಸ್ಕೊಂಡ್ಬಿಡಿ" ಅಂತಾನೆ, ತಿಂಗಳಿಗೆ ಎರಡು ಬಿಲ್ಲು ಶುರುವಾಗತ್ತೆ. ಇಷ್ಟರ ಮಧ್ಯೆ ಹಳೇ ಕನೆಕ್ಷನ್ ಕಾಲದ ಒಂದು ರೂಟರ್ ಅಟ್ಟದ ಮೇಲೆ ಧೂಳು ತಿಂತಾ ಕೂತಿರತ್ತೆ.

ನಾನು ಹೇಳೋದಿಷ್ಟೇ. ನಮ್ಮಂಥ ಮನೆಗಳಿಗೆ ಎರಡನೇ ಕನೆಕ್ಷನ್ ಬೇಡ, ರಿಪೀಟರೂ ಬೇಡ. ಹೊಸ ರೂಟರಿಂದ ಹಳೇ ರೂಟರಿಗೆ ಒಂದು ತಂತಿ ಎಳೆದು ಎರಡನ್ನೂ ಒಂದೇ ಜಾಲ ಮಾಡೋದು ಸರಿಯಾದ ದಾರಿ.

ಯಾಕೆ ಅಂದ್ರೆ, ತೋಟಕ್ಕೆ ನೀರು ಬಿಡುವಾಗ ಒಂದು ಸ್ಪ್ರಿಂಕ್ಲರಿಂದ ಹಾರಿದ ನೀರನ್ನ ಬಕೆಟಲ್ಲಿ ಹಿಡಿದು ಇನ್ನೊಂದು ಸ್ಪ್ರಿಂಕ್ಲರಿಗೆ ಕೊಡ್ತೀವಾ? ಮೇನ್ ಲೈನ್ ಪೈಪ್ ಎಳೆದು ಬೇಕಾದಲ್ಲಿ ಜೆಟ್ ಇಡ್ತೀವಿ. ರಿಪೀಟರ್ ಮಾಡೋದು ಬಕೆಟ್ ಕೆಲಸ. ಸಾಮಾನ್ಯ ರಿಪೀಟರಿಗೆ ಕೇಳೋಕೂ ಹೇಳೋಕೂ ಒಂದೇ ರೇಡಿಯೋ, ಹಾಗಾಗಿ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯತ್ತೆ. ಅದೂ ಅದಕ್ಕೆ ಒಳ್ಳೇ ಸಿಗ್ನಲ್ ಸಿಕ್ಕರೆ. ಜಂಬಿಟ್ಟಿಗೆ ಗೋಡೆ ಎರಡು ದಾಟಿ ಬಂದ ಸಿಗ್ನಲ್ಲನ್ನ ಅದು ಎಷ್ಟು ಸಲ ಹಂಚಿದರೂ ಅಷ್ಟೇ. ಒದ್ದೆ ಎಲೆಗಳೂ ವೈಫೈಯನ್ನ ಚೆನ್ನಾಗಿ ಹೀರ್ಕೊಳ್ತವೆ. ಬೇಸಿಗೇಲಿ ಸಿಗ್ತಿದ್ದದ್ದು ಮಳೆಗಾಲದಲ್ಲಿ ಸಿಗಲ್ಲ ಅನ್ನೋರು ಸುಳ್ಳು ಹೇಳ್ತಿಲ್ಲ.

ಪೇಟೆಯ ಗೆಳೆಯರು ಮೆಶ್ ತಗೊಳ್ಳಿ ಅಂತಾರೆ. ಕೆಟ್ಟದ್ದಲ್ಲ, ದುಡ್ಡಿದ್ದರೆ ತಗೊಳ್ಳಿ. ಆದ್ರೆ ಬಹಳಷ್ಟು ಮೆಶ್ ಪೆಟ್ಟಿಗೆಗಳ ಹಿಂದೆಯೂ ತಂತಿ ಚುಚ್ಚೋ ತೂತು ಇರತ್ತೆ, ತಂತಿ ಕೊಟ್ಟಾಗಲೇ ಅವೂ ಚೆನ್ನಾಗಿ ಓಡೋದು. ಹೇಗಿದ್ದರೂ ತಂತಿ ಎಳೀಲೇಬೇಕು ಅಂದ್ಮೇಲೆ ಅಟ್ಟದ ಮೇಲಿನ ರೂಟರ್ ಏನು ಪಾಪ ಮಾಡಿದೆ?

ಈಗ ಜೋಡಿಸೋ ವಿಷ್ಯ. ಇಲ್ಲೇ ತುಂಬಾ ಜನ ಎಡವೋದು. ತಂತಿಯನ್ನ ಹಳೇ ರೂಟರಿನ ಬೇರೆ ಬಣ್ಣದ 'ವ್ಯಾನ್' ತೂತಿಗೆ ಚುಚ್ತಾರೆ. ಇಂಟರ್ನೆಟ್ ಬರತ್ತೆ, ಖುಷಿಯಾಗತ್ತೆ. ಆದ್ರೆ ಆಗ ಅದು ತನ್ನದೇ ಬೇರೆ ಮನೆ ಹೂಡಿರತ್ತೆ. ಅಂಗಳದ ಕ್ಯಾಮೆರಾ ಹಳೇ ರೂಟರಿಗೆ, ರೆಕಾರ್ಡ್ ಮಾಡೋ ಡಬ್ಬಿ ಜಗಲಿಯ ಹೊಸ ರೂಟರಿಗೆ ಅಂತ ಇಟ್ಕೊಳ್ಳಿ. ಡಬ್ಬಿಗೆ ಕ್ಯಾಮೆರಾ ಕಾಣೋದೇ ಇಲ್ಲ. ಕ್ಯಾಮೆರಾ ಹಾಳಾಗಿದೆ ಅಂತ ಪೇಟೆಗೆ ಹೊತ್ಕೊಂಡು ಹೋಗೋದು ಇದೇ ಕಾರಣಕ್ಕೆ.

ಮಾಡ್ಬೇಕಾದ್ದು ಹೀಗೆ. ಮೊದಲು ಹಳೇ ರೂಟರನ್ನ ಬೇರೆಯಾಗಿ ಕಂಪ್ಯೂಟರಿಗೋ ಫೋನಿಗೋ ಜೋಡಿಸಿ ಅದರ ಸೆಟ್ಟಿಂಗ್ ತೆಗೀರಿ. 'ಆಕ್ಸೆಸ್ ಪಾಯಿಂಟ್ ಮೋಡ್' ಅಂತ ಇದ್ರೆ ಅದನ್ನ ಒತ್ತಿದರೆ ಮುಗೀತು, ಅದರಲ್ಲಿ ಯಾವ ತೂತಿಗೆ ಚುಚ್ಚಬೇಕು ಅಂತ ಅದೇ ಹೇಳತ್ತೆ. ಇಲ್ಲದಿದ್ರೆ ಎರಡು ಕೆಲಸ. ಒಂದು, ಅದರ ವಿಳಾಸ ಬದಲಿಸೋದು. ಹೊಸ ರೂಟರ್ 192.168.1.1 ಆಗಿದ್ರೆ ಹಳೇದಕ್ಕೆ 192.168.1.2 ಕೊಡಿ, ಹೊಸ ರೂಟರ್ ಆ ನಂಬರನ್ನ ಬೇರೆಯವರಿಗೆ ಹಂಚದ ಹಾಗೆ ನೋಡ್ಕೊಳ್ಳಿ. ಎರಡು, ಡಿಎಚ್‌ಸಿಪಿ ಅನ್ನೋದನ್ನ ಆಫ್ ಮಾಡೋದು. ಮನೆಗೆ ಬಂದ ಪ್ರತಿ ಫೋನಿಗೂ ನಂಬರ್ ಹಂಚೋ ಕೆಲಸ ಅದು. ಒಂದು ಮನೇಲಿ ಇಬ್ಬರು ಯಜಮಾನರು ಹಂಚೋಕೆ ನಿಂತರೆ ಏನಾಗತ್ತೆ ಅಂತ ನಮಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ಇಷ್ಟಾದ ಮೇಲೆ ಹೊಸ ರೂಟರಿನ ಲ್ಯಾನ್ ತೂತಿಂದ ಹಳೇದರ ಲ್ಯಾನ್ ತೂತಿಗೇ ತಂತಿ. ವ್ಯಾನ್ ತೂತು ಖಾಲಿ ಇರ್ಲಿ. ಹಳೇ ಲ್ಯಾಂಡ್‌ಲೈನ್ ಕಾಲದ ಮೋಡೆಮ್ ಆದ್ರೂ ಆಗತ್ತೆ, ಫೋನ್ ತಂತಿ ಹಾಕೋ ತೂತು ಸುಮ್ನೆ ಬಿಟ್ಬಿಡಿ. ವೇಗ ಸ್ವಲ್ಪ ಕಮ್ಮಿ, ಕ್ಯಾಮೆರಾಕ್ಕೂ ವಾಟ್ಸಾಪಿಗೂ ಧಾರಾಳ.

ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಿ, ಫೋನ್ ತಾನೇ ಬದಲಾಯಿಸಿಕೊಳ್ಳತ್ತೆ. ಕೆಲವು ಫೋನುಗಳು ದೂರದ ರೂಟರನ್ನೇ ಹಿಡ್ಕೊಂಡು ಜೋತಾಡ್ತವೆ, ಆಗ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದ್ರೆ ಸಾಕು. ಚಾನೆಲ್ ಮಾತ್ರ ಬೇರೆ ಬೇರೆ ಇರ್ಲಿ: 2.4 ಗಿಗಾಹರ್ಟ್ಸಲ್ಲಿ ಒಂದಕ್ಕೆ 1, ಇನ್ನೊಂದಕ್ಕೆ 6 ಅಥವಾ 11. ಅಗ್ಗದ ಕ್ಯಾಮೆರಾ, ಸ್ಮಾರ್ಟ್ ಪ್ಲಗ್ಗುಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಗೊತ್ತೇ ಇಲ್ಲ, ಹಾಗಾಗಿ 2.4 ಮುಚ್ಚಬೇಡಿ.

ತಂತಿ ಕೊಳ್ಳುವಾಗ ಅಗ್ಗದ್ದು ಅಂತ ಬೀಳಬೇಡಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಮಾಲು ತುಂಬಾ ಬರ್ತಿದೆ. ಕತ್ತರಿಸಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ರೆ ವಾಪಸ್ ಕೊಡಿ. ಶುದ್ಧ ತಾಮ್ರದ ಕ್ಯಾಟ್ 5ಇ ಅಥವಾ ಕ್ಯಾಟ್ 6 ಸಾಕು, ಇವು 100 ಮೀಟರ್ ತನಕ ನಡೀತವೆ.

ಆದ್ರೆ 100 ಮೀಟರ್ ಹೋಗತ್ತೆ ಅಂತ ಅಂಗಳ ದಾಟಿಸಬೇಡಿ. ಈ ಬರಹ ಬರೆಯೋಕೆ ಕೂತಿದ್ದೇ ಇದಕ್ಕೆ. ಒಂದೇ ಸೂರಿನ ಕೆಳಗೆ ತಾಮ್ರ ಎಷ್ಟು ಬೇಕಾದ್ರೂ ಓಡಿಸಿ. ಮನೆಯಿಂದ ಸುಲಿಯೋ ಮನೆಗೆ, ಕೊಟ್ಟಿಗೆಗೆ, ಪಂಪ್ ಶೆಡ್ಡಿಗೆ ತಾಮ್ರ ಬೇಡವೇ ಬೇಡ. ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮಲ್ಲಿ ಸಿಡಿಲು ಹೇಗಿರತ್ತೆ ಅಂತ ಗೊತ್ತಲ್ಲ. ಸಿಡಿಲು ತಂತಿಗೇ ಹೊಡೀಬೇಕಂತಿಲ್ಲ, ಹತ್ತಿರದ ತೆಂಗಿನ ಮರಕ್ಕೆ ಹೊಡೆದ್ರೂ ಉದ್ದದ ತಾಮ್ರದಲ್ಲಿ ವಿದ್ಯುತ್ ನುಗ್ಗತ್ತೆ. ಎರಡು ಕಟ್ಟಡಕ್ಕೆ ಬೇರೆ ಬೇರೆ ಅರ್ಥಿಂಗ್ ಇದ್ರಂತೂ ಎರಡರ ನಡುವಿನ ವ್ಯತ್ಯಾಸ ಈ ತಂತಿಯಲ್ಲೇ ಹರಿಯತ್ತೆ. ಎರಡೂ ತುದಿಯ ರೂಟರ್, ಜೊತೆಗೆ ಜೋಡಿಸಿದ ಟಿವಿ, ಕಂಪ್ಯೂಟರ್ ಒಂದೇ ಹೊಡೆತಕ್ಕೆ. ಒಬ್ಬರು ನೆಂಟರ ಮನೇಲಿ ಹೀಗೇ ಆಗಿ, ಗೋಡೆಯ ತೂತಿನ ಸುತ್ತ ಕರಿ ಮಸಿ ಇನ್ನೂ ಇದೆ.

ಅಂಗಳ ದಾಟೋಕೆ ಫೈಬರ್ ಹಾಕಿ. ಗಾಜಿನ ಎಳೇಲಿ ವಿದ್ಯುತ್ ಹರಿಯಲ್ಲ. ಎರಡು ತುದಿಗೆ 'ಮೀಡಿಯಾ ಕನ್ವರ್ಟರ್' ಅನ್ನೋ ಸಣ್ಣ ಡಬ್ಬಿ ಬೇಕು, ಗಾಜಿನ ಬೆಳಕನ್ನ ಮತ್ತೆ ತಂತಿಗೆ ತಿರುಗಿಸೋಕೆ. ಒಂದೇ ಎಳೆಯದ್ದಾದ್ರೆ ಅದನ್ನ ಜೋಡಿಯಾಗೇ ಕೊಳ್ಳಬೇಕು: ಒಂದರ ಮೇಲೆ ಎ, ಇನ್ನೊಂದರ ಮೇಲೆ ಬಿ ಅಂತ ಬರೆದಿರತ್ತೆ. ಎರಡೂ ಎ ತಂದ್ರೆ ಮಾತೇ ಆಡಲ್ಲ. ಫೈಬರ್ ತುದಿ ಜೋಡಿಸೋಕೆ ಕೇಬಲ್ ಟಿವಿ ಹುಡುಗರನ್ನ ಕರೆದ್ರೆ ಆಗತ್ತೆ, ಅದು ನಮ್ಮ ಕೈ ಕೆಲಸ ಅಲ್ಲ. ಕಂಬಕ್ಕೆ ಕಟ್ಟೋ ಫೈಬರಿನ ಜೊತೆ ಕಬ್ಬಿಣದ ತಂತಿ ಒಂದು ಅಂಟಿಕೊಂಡಿರತ್ತೆ, ಅದನ್ನ ಗೋಡೆ ಹೊರಗೇ ಕತ್ತರಿಸಿ ನಿಲ್ಲಿಸಿ. ಒಳಗೆ ತಂದ್ರೆ ಗಾಜು ಹಾಕಿದ್ದೇ ದಂಡ.

ಫೈಬರ್ ಹಾಕಿದ್ದೀವಿ ಅಂತ ಕರೆಂಟಿನ ಲೈನಲ್ಲಿ ಬರೋ ಸಿಡಿಲು ನಿಲ್ಲಲ್ಲ. ಗುಡುಗು ಶುರುವಾಗೋ ಮೊದಲೇ ಅಡಾಪ್ಟರ್ ಕಿತ್ತಿಡೋದು ಇದ್ದೇ ಇದೆ. ಹಾಗೆ ಕರೆಂಟ್ ಹೋದಾಗ ಎರಡೂ ರೂಟರ್, ಎರಡೂ ಡಬ್ಬಿ ಉರೀಬೇಕು, ಇನ್ವರ್ಟರ್ ಲೈನಿಗೆ ಹಾಕ್ಕೊಳ್ಳಿ. ಚಿಕ್ಕ ಯುಪಿಎಸ್ ತರೋದಾದ್ರೆ ಪ್ರತಿ ಅಡಾಪ್ಟರಿನ ಮೇಲೆ ಎಷ್ಟು ವೋಲ್ಟ್ ಅಂತ ಓದಿಯೇ ತನ್ನಿ, ರೂಟರಿಂದು 12 ಇದ್ದು ಕನ್ವರ್ಟರಿಂದು 5 ಇರೋದು ಸಾಮಾನ್ಯ.

ಮನೆಯೊಳಗಿನ ತಾಮ್ರದ ತಂತಿಗೆ ತುದಿ ಕಟ್ಟೋ ಕ್ರಿಂಪಿಂಗ್ ಇಕ್ಕಳ, ಎಂಟೂ ಎಳೆ ಸರಿ ಇದೆಯಾ ಅಂತ ನೋಡೋ ಟೆಸ್ಟರ್ ನಮ್ಮನೇಲಿದೆ. ಬಣ್ಣದ ಕ್ರಮ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ. ಬೇಕಾದವರು ಬಂದು ತಗೊಂಡು ಹೋಗಿ, ಕೊನೆಕೊಯ್ಲು ಶುರುವಾಗೋದರೊಳಗೆ ವಾಪಸ್ ತಂದುಕೊಡಿ.